ನಟ್ಟು ಬೋಲ್ಟಿಗೆ ಯಾವ ಪೇಸ್ಟು? ಮೊದಲು ಗಾರ್ಡಿನ ಬೋಲ್ಟಿಗೆ ಹಚ್ಚಿ, ಮಿಕ್ಕಿದ್ದು ಆಮೇಲೆ

ಇವತ್ತಿನದು ಬೆಳೆ ವಿಷಯ ಅಲ್ಲ, ಕಬ್ಬಿಣದ ವಿಷಯ. ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಾಲೆಗೆ ನೀರು ಬಿಡ್ತಾರೆ ಅನ್ನೋ ಸುದ್ದಿ ಬಂದ ಕೂಡ್ಲೇ ನಮ್ಮ ಕಡೆ ಎಲ್ರೂ ಒಂದೇ ವಾರದಲ್ಲಿ ರೋಟವೇಟರು, ಕೇಜ್ ವೀಲು ಹೊರಗೆ ಎಳೀತೀವಿ. ಹೋದ ವರ್ಷ ಕೆಸರಲ್ಲಿ ಓಡಿಸಿ, ತೊಳೆದೋ ತೊಳೀದೆಯೋ ಶೆಡ್ಡಿಗೆ ತಳ್ಳಿದ್ದವು ಅವು. ಸ್ಪ್ಯಾನರ್ ಹಾಕಿದ್ರೆ ನಟ್ಟು ಅಲ್ಲಾಡಲ್ಲ. ಪೈಪು ಸಿಕ್ಕಿಸಿ ಎಳೆದ್ರೆ ಬೋಲ್ಟೇ ತುಂಡಾಗುತ್ತೆ, ಇಲ್ಲಾ ನಟ್ಟಿನ ಮೂಲೆ ಉರುಟಾಗುತ್ತೆ. ಆಮೇಲೆ ವೆಲ್ಡಿಂಗ್ ಶಾಪಿನ ಮುಂದೆ ಸಾಲು. ಅವನು ಒಬ್ಬ, ನಾವು ಇಪ್ಪತ್ತು ಜನ. ಗದ್ದೆ ಕೆಸರು ಮಾಡೋ ಹೊತ್ತಲ್ಲಿ ಎರಡು ದಿನ ಒಂದು ಬೋಲ್ಟಿಗೋಸ್ಕರ ಹೋಗುತ್ತೆ.

ಇತ್ತೀಚೆಗೆ ಇದಕ್ಕೆ ಪರಿಹಾರ ಅಂತ ಆಂಟಿ-ಸೀಜ್ ಅನ್ನೋ ಪೇಸ್ಟು ನಮ್ಮ ಕಡೆ ಹಾರ್ಡ್‌ವೇರ್ ಅಂಗಡಿಗಳಿಗೂ ಬಂದಿದೆ. ಯಾವುದು ತಗೋಬೇಕು, ಬರೀ ಗ್ರೀಸ್ ಸಾಕಲ್ವಾ ಅಂತ ಬಹಳ ಜನ ಕೇಳ್ತಾ ಇದ್ದಾರೆ. ನನ್ನ ಅಭಿಪ್ರಾಯ ಮೂರು ಮಾತಲ್ಲಿ ಹೇಳ್ಬಿಡ್ತೀನಿ. ಎಲ್ಲಾ ಬೋಲ್ಟಿಗೂ ಆ ಪೇಸ್ಟು ಬೇಡ. ಬೇಕಾದ ಕಡೆಗೂ ಒಂದೇ ಡಬ್ಬಿ ಎಲ್ಲಕ್ಕೂ ಆಗಲ್ಲ. ಇದ್ದ ಒಂದು ಟ್ಯೂಬನ್ನ ಯಾವುದಕ್ಕೆ ಮೊದಲು ಹಚ್ಚಬೇಕು ಅಂದ್ರೆ, ಇಂಜಿನ್ನಿಗೂ ಅಲ್ಲ, ಬ್ಲೇಡಿಗೂ ಅಲ್ಲ, ಪಿಟಿಓ ಶಾಫ್ಟಿನ ಗಾರ್ಡು ಹಿಡಿದಿರೋ ಆ ಸಣ್ಣ ಬೋಲ್ಟುಗಳಿಗೆ. ಯಾಕೆ ಅಂತ ಕೊನೇಲಿ ಹೇಳ್ತೀನಿ.

ಮೊದಲು ನಟ್ಟು ಯಾಕೆ ಕಚ್ಕೊಳ್ಳುತ್ತೆ ನೋಡೋಣ. ತುಕ್ಕು ಅಂದ್ರೆ ಕಬ್ಬಿಣ ಸವೆದು ಉದುರೋದು ಅಷ್ಟೇ ಅಂತ ನಾವು ತಿಳ್ಕೊಂಡಿದ್ದೀವಿ. ಆದರೆ ಕಬ್ಬಿಣ ತುಕ್ಕಾದಾಗ ಊದ್ಕೊಳ್ಳುತ್ತೆ. ಮೊದಲಿದ್ದ ಜಾಗಕ್ಕಿಂತ ಎರಡರಷ್ಟಕ್ಕೂ ಮೀರಿ ಜಾಗ ಬೇಡುತ್ತೆ. ನಟ್ಟಿಗೂ ಬೋಲ್ಟಿಗೂ ಮಧ್ಯೆ ಥ್ರೆಡ್ಡಲ್ಲಿ ಇರೋ ಸಂದು ಕೂದಲೆಳೆಯಷ್ಟು. ಅಲ್ಲಿ ತುಕ್ಕು ಊದ್ಕೊಂಡ್ರೆ ಬೆಣೆ ಹೊಡೆದ ಹಾಗೆ ಬಿಗಿಯುತ್ತೆ. ಅದಕ್ಕೆ ಗೊಬ್ಬರ ಸೇರಿದ್ರೆ ಇನ್ನೂ ಬೇಗ. ಪೊಟ್ಯಾಷ್ ಅಂತ ನಾವು ಚೆಲ್ಲೋದು ಪೊಟ್ಯಾಸಿಯಂ ಕ್ಲೋರೈಡು, ಉಪ್ಪಿನ ಜಾತಿಯದೇ. ಯೂರಿಯಾ ಗಾಳಿಯ ತೇವ ಎಳ್ಕೊಂಡು ನೀರಾಗುತ್ತೆ. ಗೊಬ್ಬರ ಮೂಟೆ ಸಾಗಿಸಿದ ಟ್ರೇಲರಿನ ಹಿಂಬಾಗಿಲ ಬೋಲ್ಟು ಮಿಕ್ಕಿದ್ದಕ್ಕಿಂತ ಮೊದಲು ಕಚ್ಕೊಳ್ಳೋದು ಇದಕ್ಕೇ.

ಇನ್ನೊಂದು ಜಾತಿಯ ಕಚ್ಚಾಟ ಇದೆ, ಅದಕ್ಕೆ ತುಕ್ಕೇ ಬೇಕಾಗಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟು ಹಾಕಿ ಬಿಗಿ ಮಾಡ್ತಾ ಇರೋವಾಗಲೇ, ಹೊಸದು, ಫಳಫಳ ಅಂತಿರುತ್ತೆ, ಅರ್ಧದಲ್ಲೇ ನಿಂತುಬಿಡುತ್ತೆ. ಆ ಕಡೆಗೂ ಬರಲ್ಲ, ಈ ಕಡೆಗೂ ಬರಲ್ಲ. ಸ್ಟೇನ್‌ಲೆಸ್ಸಿನ ಮೇಲಿರೋ ತೆಳು ಪೊರೆ ಉಜ್ಜಿ ಹೋಗಿ ಒಳಗಿನ ಲೋಹಕ್ಕೆ ಲೋಹ ಬೆಸುಗೆ ಆದ ಹಾಗೆ ಅಂಟ್ಕೊಂಡಿರುತ್ತೆ. ಬೋರ್‌ವೆಲ್ಲಿನ ಪಂಪು ಮೋಟಾರು ಜೋಡಿಸೋವಾಗ ಇದನ್ನ ಬಹಳ ಜನ ನೋಡಿರ್ತೀರಿ. ‘ಬೋಲ್ಟು ಡೂಪ್ಲಿಕೇಟು’ ಅಂತ ಅಂಗಡಿಯವನನ್ನ ಬೈತೀವಿ. ಡೂಪ್ಲಿಕೇಟೇ ಆಗಿರಬೇಕು ಅಂತಿಲ್ಲ, ಒಳ್ಳೆ ಸ್ಟೇನ್‌ಲೆಸ್ಸಿನ ಗುಣವೇ ಅದು.

ಈಗ ಗ್ರೀಸಿಗೂ ಆಂಟಿ-ಸೀಜಿಗೂ ಏನು ವ್ಯತ್ಯಾಸ? ನಾವು ಗ್ರೀಸ್ ಗನ್ನಿಗೆ ತುಂಬೋ ಎಪಿ-3 ಗ್ರೀಸು ಎಣ್ಣೆಯನ್ನ ಹಿಡಿದಿಟ್ಟುಕೊಂಡಿರೋ ಲಿಥಿಯಂ ಸೋಪು. ತಿರುಗೋ ಜಾಗಕ್ಕೆ, ಬೇರಿಂಗಿಗೆ ಅದೇ ಸರಿ. ಆದ್ರೆ 180 ಡಿಗ್ರಿ ಆಸುಪಾಸಲ್ಲಿ ಕರಗಿ ತೊಟ್ಟಿಕ್ಕುತ್ತೆ, ಅದಕ್ಕೂ ಮೊದಲೇ ಕೈಕೊಡುತ್ತೆ. ಆಂಟಿ-ಸೀಜ್ ಪೇಸ್ಟಿನಲ್ಲೂ ಗ್ರೀಸೇ ಇರುತ್ತೆ, ಜೊತೆಗೆ ತಾಮ್ರ, ಅಲ್ಯೂಮಿನಿಯಂ, ನಿಕ್ಕಲ್, ಗ್ರಾಫೈಟು ಇಂಥದ್ದರ ನುಣ್ಣನೆ ಪುಡಿ ಬೆರೆಸಿರ್ತಾರೆ. ಗ್ರೀಸು ಹಚ್ಚೋದಕ್ಕೆ ಅನುಕೂಲ ಆಗ್ಲಿ ಅಂತ ಅಷ್ಟೇ. ಅದು ಸುಟ್ಟು ಹೋದ್ರೂ, ತೊಳೆದು ಹೋದ್ರೂ ಪುಡಿ ಥ್ರೆಡ್ಡಿನ ಸಂದಿಯಲ್ಲಿ ಉಳ್ಕೊಂಡು ಎರಡು ಕಬ್ಬಿಣ ಒಂದಕ್ಕೊಂದು ಮುಟ್ಟದ ಹಾಗೆ ನೋಡ್ಕೊಳ್ಳುತ್ತೆ. ಕಡಬು ತಟ್ಟೆಗೆ ಅಂಟದಿರ್ಲಿ ಅಂತ ಎಲೆ ಹಾಕ್ತೀವಲ್ಲ, ಅದೇ ಲೆಕ್ಕ.

ಹಾಗಾಗಿ ಪ್ರತಿ ಹಂಗಾಮಿಗೂ ಬಿಚ್ಚಿ ಹಾಕೋ ಬೋಲ್ಟು, ಕಲ್ಟಿವೇಟರಿನ ಪಿನ್ನು, ನೇಗಿಲಿನ ಕ್ಲಾಂಪು, ಇವಕ್ಕೆಲ್ಲ ದುಡ್ಡು ಕೊಟ್ಟು ಪೇಸ್ಟು ಬೇಡ. ತಂತಿ ಬ್ರಷ್ಷಲ್ಲಿ ಉಜ್ಜಿ ಗ್ರೀಸು ಸವರಿದ್ರೆ ಸಾಕು. ಹಳೇ ಇಂಜಿನ್ ಆಯಿಲ್ ಬಳಿಯೋ ಅಭ್ಯಾಸ ನಮ್ಮಲ್ಲಿದೆ. ಶೆಡ್ಡಿನಲ್ಲಿ ನಿಂತಿರೋ ಗುಳಕ್ಕೆ ನಾಲ್ಕು ವಾರ ತುಕ್ಕು ತಡೆಯುತ್ತೆ, ಅದು ಸುಳ್ಳಲ್ಲ. ಆದ್ರೆ ಥ್ರೆಡ್ಡಿನ ಒಳಗೆ ಅದು ನಿಲ್ಲಲ್ಲ, ಗದ್ದೆ ನೀರಿಗೆ ಇಳಿದ್ರೆ ಮೊದಲ ದಿನವೇ ಹೋಯ್ತು, ಹೋಗಿ ಸೇರೋದು ನಮ್ಮ ಮಣ್ಣಿಗೇ. ಬರಿಗೈಯಲ್ಲಿ ಅದನ್ನ ಬಳಿಯೋದಂತೂ ಬಿಡಿ, ಓಡಿಸಿದ ಇಂಜಿನ್ ಆಯಿಲ್ಲು ಚರ್ಮಕ್ಕೆ ಕೆಟ್ಟದ್ದು.

ಡಬ್ಲ್ಯೂಡಿ-40 ಸ್ಪ್ರೇ ಬಗ್ಗೆಯೂ ಒಂದು ಮಾತು. ಡಬ್ಲ್ಯೂಡಿ ಅಂದ್ರೆ ನೀರನ್ನ ಹೊರಗೆ ದಬ್ಬೋದು ಅಂತಲೇ ಅರ್ಥ. ಕಚ್ಕೊಂಡಿದ್ದನ್ನ ಸಡಿಲ ಮಾಡೋಕೆ, ಒದ್ದೆ ಆಗಿದ್ದನ್ನ ಒಣಗಿಸೋಕೆ ಒಳ್ಳೇದು. ಹೊಸ ಬೋಲ್ಟಿಗೆ ಹೊಡೆದು ವರ್ಷಗಟ್ಟಲೆ ಕಾಯುತ್ತೆ ಅಂತ ನಂಬಬೇಡಿ. ಅದು ಬಿಚ್ಚೋ ಔಷಧಿ, ಹಾಕೋ ಔಷಧಿ ಅಲ್ಲ.

ಯಾವ ಪೇಸ್ಟು ಯಾವುದಕ್ಕೆ? ಬಣ್ಣ ನೋಡಿದ್ರೆ ಅರ್ಧ ಗೊತ್ತಾಗುತ್ತೆ, ಆದ್ರೂ ಡಬ್ಬಿ ಮೇಲೆ ಬರೆದಿರೋದನ್ನ ಓದಿಯೇ ತಗೊಳ್ಳಿ.

1. ತಾಮ್ರದ್ದು. ತಾಮ್ರದ ಬಣ್ಣವೇ ಇರುತ್ತೆ. ಸುಮಾರು 980 ಡಿಗ್ರಿ ಸೆಂಟಿಗ್ರೇಡ್ ತನಕ ತಡೆಯುತ್ತೆ ಅಂತ ಲೋಕ್ಟೈಟಿನಂಥ ಕಂಪನಿಗಳು ತಮ್ಮ ತಾಮ್ರದ ಪೇಸ್ಟಿಗೆ ಬರೀತವೆ. ಟ್ರ್ಯಾಕ್ಟರಿನ ಸೈಲೆನ್ಸರ್, ಮ್ಯಾನಿಫೋಲ್ಡಿನ ಸ್ಟಡ್ಡುಗಳಿಗೆ ಇದು ಧಾರಾಳ. ಭಾರ ಎಳೆಯೋವಾಗ ಡೀಸೆಲ್ ಇಂಜಿನ್ನಿನ ಹೊಗೆ 400-500 ಡಿಗ್ರಿ ಮುಟ್ಟುತ್ತೆ, ಅಲ್ಲಿ ಗ್ರೀಸು ಕರಕಲಾಗುತ್ತೆ, ತಾಮ್ರ ಉಳಿಯುತ್ತೆ. ಕಬ್ಬಿಣಕ್ಕೆ ಕಬ್ಬಿಣ ಇರೋ ಬಹುತೇಕ ಕಡೆ ಇದೇ ಸಾಕು. ಆದ್ರೆ ಅಲ್ಯೂಮಿನಿಯಂ ಇರೋ ಕಡೆ ಹಚ್ಚಬೇಡಿ. ತಾಮ್ರ, ಅಲ್ಯೂಮಿನಿಯಂ ಎರಡರ ಮಧ್ಯೆ ನೀರು ಸೇರಿದ್ರೆ ಬ್ಯಾಟರಿ ಥರ ಕೆಲಸ ಶುರುವಾಗಿ ಅಲ್ಯೂಮಿನಿಯಂ ತಿಂದು ಹೋಗುತ್ತೆ. ಸೋಲಾರ್ ಪಂಪ್‌ಸೆಟ್ಟು ಹಾಕಿಸಿರೋರು ಪ್ಯಾನಲ್ಲಿನ ಫ್ರೇಮು ನೋಡಿ, ಅಲ್ಯೂಮಿನಿಯಮ್ಮೇ. ಗ್ಯಾಲ್ವನೈಸ್ ಮಾಡಿರೋ ಸತುವಿನ ಲೇಪಕ್ಕೂ ತಾಮ್ರ ಆಗಿಬರಲ್ಲ.

2. ಅಲ್ಯೂಮಿನಿಯಂದು. ಬೆಳ್ಳಿ ಬಣ್ಣ. 870 ಡಿಗ್ರಿ ಆಸುಪಾಸಿನ ತನಕ ತಡೆಯುತ್ತೆ. ಸಾಮಾನ್ಯ ಕೆಲಸಕ್ಕೆ ಒಳ್ಳೇದು. ಅಲ್ಯೂಮಿನಿಯಂ ಭಾಗ ಇರೋ ಕಡೆ ತಾಮ್ರದ ಬದಲು ಇದು.

3. ನಿಕ್ಕಲ್‌ದು. ಬೂದು ಬಣ್ಣ, ಬೆಲೆ ಜಾಸ್ತಿ. 1300 ಡಿಗ್ರಿ ತನಕ ಹೋಗುತ್ತೆ. ಅಷ್ಟು ಶಾಖ ನಮ್ಮ ಯಾವ ಯಂತ್ರದಲ್ಲೂ ಇಲ್ಲ. ಸ್ಟೇನ್‌ಲೆಸ್ಸಿಗೆ, ರಾಸಾಯನಿಕ ತಾಗೋ ಕಡೆಗೆ ಇದು ಚೆನ್ನಾಗಿ ಆಗುತ್ತೆ. ಬರಿಗೈಯಲ್ಲಿ ಮುಟ್ಟಬೇಡಿ, ನಿಕ್ಕಲ್ಲು ಕೆಲವರಿಗೆ ಚರ್ಮದಲ್ಲಿ ಕಡಿತ ಬರಿಸುತ್ತೆ, ಅದರ ಪುಡಿ ಉಸಿರಿಗೆ ಹೋಗೋದೂ ಒಳ್ಳೇದಲ್ಲ.

4. ಮಾಲಿಬ್ಡಿನಂ ಇರೋದು. ಕಪ್ಪು. ಹೆಚ್ಚು ಒತ್ತಡ ಬೀಳೋ ಜಾಗಕ್ಕೆ ಇದರಷ್ಟು ಜಾರೋದು ಇನ್ನೊಂದಿಲ್ಲ. ಆದ್ರೆ ಗಾಳಿ ಆಡೋ ಕಡೆ 400 ಡಿಗ್ರಿ ಹತ್ತಿರ ಬಂದ್ರೆ ಅದರ ಗುಣ ಹೋಗುತ್ತೆ, ಸೈಲೆನ್ಸರಿಗೆ ಅಲ್ಲ. ಶಾಫ್ಟಿನ ಸ್ಪ್ಲೈನು, ಬಿಗಿಯಾಗಿ ಕೂರೋ ಪುಲ್ಲಿ, ಇಂಥದ್ದಕ್ಕೆ ಸರಿ.

5. ಬಿಳಿ ಪೇಸ್ಟು, ಲೋಹ ಇಲ್ಲದ್ದು, ಆಹಾರಕ್ಕೆ ತಾಗಿದ್ರೂ ಪರವಾಗಿಲ್ಲ ಅನ್ನೋ ದರ್ಜೆಯದು. ಡಬ್ಬಿ ಮೇಲೆ ಎನ್‌ಎಸ್‌ಎಫ್ ಎಚ್1 ಅಂತ ಇರುತ್ತೆ. ಆಲೆಮನೆ ನಡೆಸೋರು ಇದನ್ನ ಗಮನಿಸಿ. ಗಾಣದ ರೋಲರ್ ಪಕ್ಕದ ಬೋಲ್ಟುಗಳಿಗೆ ಕಬ್ಬಿನ ಹಾಲು ಸದಾ ತಾಗ್ತಾ ಇರುತ್ತೆ, ಅದು ಹುಳಿ ಬಂದು ಕಬ್ಬಿಣ ತಿನ್ನುತ್ತೆ, ಅಂಟಿ ಒಣಗಿ ಕಲ್ಲಾಗುತ್ತೆ. ಅಲ್ಲಿ ಪೇಸ್ಟು ಬೇಕೇ ಬೇಕು. ಆದ್ರೆ ಜನ ತಿನ್ನೋ ಬೆಲ್ಲಕ್ಕೆ ತಾಮ್ರದ ಪುಡಿ, ನಿಕ್ಕಲ್ ಪುಡಿ ಸೇರಿಸೋ ಹಕ್ಕು ನಮಗಿಲ್ಲ. ಕುಡಿಯೋ ನೀರಿನ ಬೋರ್‌ವೆಲ್ ಪಂಪಿನ ಸ್ಟೇನ್‌ಲೆಸ್ ಬೋಲ್ಟಿಗೂ ನಿಕ್ಕಲ್ ಬೇಡ, ಈ ಬಿಳೀದೇ. ಅದನ್ನ ಹಚ್ಚಿ ನಿಧಾನಕ್ಕೆ ಕೈಯಲ್ಲಿ ಬಿಗಿ ಮಾಡಿ, ಗಾಳಿ ಗನ್ನಿನಲ್ಲಿ ಗರ್ ಅಂತ ತಿರುಗಿಸಬೇಡಿ. ವೇಗ ಜಾಸ್ತಿ ಆದಷ್ಟೂ ಸ್ಟೇನ್‌ಲೆಸ್ಸು ಬೇಗ ಅಂಟುತ್ತೆ.

ಕೊಟ್ಟಿಗೆ ಗಂಜಲದ ಗುಂಡಿ, ಗೋಬರ್ ಗ್ಯಾಸ್ ಹತ್ತಿರದ ಪಂಪಿಗೆ ತಾಮ್ರದ್ದು ಬೇಡ. ಗಂಜಲದ ಅಮೋನಿಯಾ ತಾಮ್ರವನ್ನ, ಹಿತ್ತಾಳೆಯನ್ನ ತಿನ್ನುತ್ತೆ. ಅಲ್ಲಿಗೂ ಬಿಳೀದು, ಇಲ್ಲಾ ನಿಕ್ಕಲ್.

ಒಬ್ಬ ಸಣ್ಣ ರೈತ ಐದು ಡಬ್ಬಿ ಕೊಳ್ಳೋದು ಸಾಧ್ಯ ಇಲ್ಲ, ಬೇಕಾಗೂ ಇಲ್ಲ. ಒಂದು ತಾಮ್ರದ್ದು, ಒಂದು ಬಿಳೀದು ಇದ್ರೆ ಊರಿನ ನೂರಕ್ಕೆ ತೊಂಬತ್ತು ಕೆಲಸ ಆಗುತ್ತೆ ಅನ್ನೋದು ನನ್ನ ಲೆಕ್ಕ. ಅದನ್ನೂ ನಾಲ್ಕೈದು ಜನ ಸೇರಿ ಕೊಳ್ಳಿ. ಒಂದು ಬೋಲ್ಟಿಗೆ ಬೇಕಾಗೋದು ಕಡಲೆಕಾಳಿನಷ್ಟು. ಒಂದು ಟ್ಯೂಬು ಐದು ಮನೆಗೆ ವರ್ಷಗಟ್ಟಲೆ ಬರುತ್ತೆ. ಗ್ಯಾಸ್ ಕಟರಿನವನನ್ನ ಒಂದು ಸಲ ಜಮೀನಿಗೆ ಕರೆಸೋ ಖರ್ಚಿನ ಮುಂದೆ ಇದೇನೂ ಅಲ್ಲ.

ಇನ್ನು ಎಲ್ಲಿ ಹಚ್ಚಬಾರದು ಅನ್ನೋದು, ಇದು ಮೇಲಿನದ್ದಕ್ಕಿಂತ ಮುಖ್ಯ.

ಬೇರಿಂಗಿಗೆ ಹಾಕಬೇಡಿ. ಅದರಲ್ಲಿರೋ ಲೋಹದ ಪುಡಿ ಬೇರಿಂಗನ್ನ ಅರೆದು ಹಾಕುತ್ತೆ. ಗ್ರೀಸ್ ನಿಪ್ಪಲ್ಲಿಗೆ ಗ್ರೀಸೇ.

ಬ್ರೇಕಿನ ಲೈನಿಂಗು, ಕ್ಲಚ್ ಪ್ಲೇಟು, ರೋಟವೇಟರ್ ಶಾಫ್ಟಿನ ಸ್ಲಿಪ್ ಕ್ಲಚ್ಚಿನ ಪ್ಲೇಟು, ಇವಕ್ಕೆ ಒಂದು ಚುಕ್ಕೆಯೂ ತಾಗಬಾರದು. ಉಜ್ಜಾಟದಿಂದಲೇ ಕೆಲಸ ಮಾಡೋ ಭಾಗಗಳು ಅವು.

ಟ್ರ್ಯಾಕ್ಟರ್ ಚಕ್ರದ ನಟ್ಟಿಗೆ, ಕಂಪನಿ ಪುಸ್ತಕದಲ್ಲಿ ಹಚ್ಚಿ ಅಂತ ಬರೆದಿದ್ರೆ ಮಾತ್ರ. ಯಾಕೆ ಅಂದ್ರೆ, ನಾವು ಸ್ಪ್ಯಾನರಿಗೆ ಹಾಕೋ ಬಲದಲ್ಲಿ ನೂರಕ್ಕೆ ಸುಮಾರು ಐವತ್ತು ಪಾಲು ನಟ್ಟಿನ ಅಡಿಯ ಉಜ್ಜಾಟಕ್ಕೆ ಹೋಗುತ್ತೆ, ನಲವತ್ತು ಪಾಲು ಥ್ರೆಡ್ಡಿನ ಉಜ್ಜಾಟಕ್ಕೆ. ನಿಜವಾಗಿ ಬಿಗಿಯೋದು ಮಿಕ್ಕ ಹತ್ತು ಪಾಲು. ಪೇಸ್ಟು ಹಚ್ಚಿದ್ರೆ ಉಜ್ಜಾಟ ಕಮ್ಮಿ ಆಗಿ, ಅದೇ ಬಲಕ್ಕೆ ಬೋಲ್ಟು ಜಾಸ್ತಿ ಎಳೆದುಕೊಳ್ಳುತ್ತೆ. ‘ಎಂದಿನ ಹಾಗೆ ಪೈಪು ಹಾಕಿ ನಿಂತು ತುಳಿದೆ’ ಅಂದ್ರೆ ಸ್ಟಡ್ಡು ಹಿಗ್ಗಿ ಹೋಗಿರುತ್ತೆ, ಕಣ್ಣಿಗೆ ಕಾಣಲ್ಲ. ಆಮೇಲೆ ಒಂದು ದಿನ ಕಬ್ಬಿನ ಲೋಡಿನಲ್ಲಿ ಮುರಿಯುತ್ತೆ. ಪೇಸ್ಟು ಹಚ್ಚಿದ ಬೋಲ್ಟಿಗೆ ಒಣ ಬೋಲ್ಟಿಗಿಂತ ಕಾಲು ಭಾಗದಷ್ಟು ಬಲ ಕಮ್ಮಿ ಹಾಕ್ಬೇಕು ಅನ್ನೋದು ಸಾಮಾನ್ಯ ಲೆಕ್ಕ. ಟಾರ್ಕ್ ರೆಂಚು ಇದ್ದವರು ಡಬ್ಬಿ ಮೇಲಿನ ಸೂಚನೆ ನೋಡಿ.

ಬ್ರಷ್ ಕಟರ್, ಪವರ್ ಸ್ಪ್ರೇಯರಿನ ಸ್ಪಾರ್ಕ್ ಪ್ಲಗ್ಗಿಗೂ ಬೇಡ. ಒಳ್ಳೆ ಪ್ಲಗ್ಗಿನ ಥ್ರೆಡ್ಡಿಗೆ ಕಾರ್ಖಾನೆಯಲ್ಲೇ ಲೇಪ ಕೊಟ್ಟಿರ್ತಾರೆ. ಎನ್‌ಜಿಕೆ ಕಂಪನಿಯವರೇ ಅದರ ಮೇಲೆ ಏನೂ ಹಚ್ಚಬೇಡಿ ಅಂತ ಹೇಳ್ತಾರೆ. ಹಚ್ಚಿ ಬಿಗಿ ಜಾಸ್ತಿ ಆದ್ರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡೇ ಹೋಗುತ್ತೆ.

ರೋಟವೇಟರ್ ಬ್ಲೇಡಿನ ಬೋಲ್ಟಿನ ಬಗ್ಗೆ ಜನರಲ್ಲಿ ಎರಡು ಮಾತಿದೆ. ಹಚ್ಚಿದ್ರೆ ಅದುರಾಟಕ್ಕೆ ಸಡಿಲ ಆಗುತ್ತೆ ಅಂತಾರೆ ಕೆಲವರು. ನನ್ನ ಪ್ರಕಾರ ಆ ಬೋಲ್ಟುಗಳನ್ನ ಉಳಿಸೋ ಆಸೆಯೇ ತಪ್ಪು. ಮಣ್ಣಿನಲ್ಲಿ ಉಜ್ಜಿ ನಟ್ಟಿನ ಮೂಲೆ ಸವೆದಿರುತ್ತೆ. ಬ್ಲೇಡ್ ಬದಲಾಯಿಸೋವಾಗ ಬೋಲ್ಟು, ನಟ್ಟು, ಸ್ಪ್ರಿಂಗ್ ವಾಷರ್ ಕೂಡ ಹೊಸದು ಹಾಕಿ, ಅದೇ ದರ್ಜೆಯದು. ಒಂದು ಗಂಟೆ ಓಡಿಸಿ ನಿಲ್ಲಿಸಿ ಮತ್ತೆ ಬಿಗಿ ನೋಡಿ. ಅಲ್ಲಿ ಪೇಸ್ಟಿನ ಚರ್ಚೆಗಿಂತ ಇದು ದೊಡ್ಡದು.

ಶಿಯರ್ ಬೋಲ್ಟ್ ಇರೋ ಶಾಫ್ಟು ಆದ್ರೆ ಇನ್ನೊಂದು ಗಮನಿಸಿ. ಕಲ್ಲು ಸಿಕ್ಕಾಗ ಆ ಬೋಲ್ಟು ತುಂಡಾಗಿ ಗೇರ್‌ಬಾಕ್ಸ್ ಉಳಿಸಬೇಕು. ಬೋಲ್ಟು ತುಂಡಾದ್ರೂ, ಹಬ್ಬು ಶಾಫ್ಟಿಗೆ ತುಕ್ಕು ಹಿಡಿದು ಅಂಟಿದ್ರೆ ಅದು ತಿರುಗ್ತಾನೇ ಇರುತ್ತೆ, ಗೇರ್‌ಬಾಕ್ಸ್ ಹೋಗುತ್ತೆ. ಅಲ್ಲಿ ನಿಪ್ಪಲ್ ಕೊಟ್ಟಿರ್ತಾರೆ, ಗ್ರೀಸು ಹೊಡೀರಿ. ಶಿಯರ್ ಬೋಲ್ಟು ಪದೇ ಪದೇ ಮುರಿಯುತ್ತೆ ಅಂತ ಹೈಟೆನ್ಸಿಲ್ ಬೋಲ್ಟು ಹಾಕೋದು ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಕಟ್ಟಿದ ಹಾಗೆ.

ಹಚ್ಚೋ ಕ್ರಮ ಸುಲಭ. ತಂತಿ ಬ್ರಷ್ಷಲ್ಲಿ ಥ್ರೆಡ್ಡು ಉಜ್ಜಿ, ಡೀಸೆಲ್ಲಲ್ಲಿ ತೊಳೆದು ಒಣಗಿಸಿ. ಕೊಳೆ ಮೇಲೆ ಪೇಸ್ಟು ಹಚ್ಚಿದ್ರೆ ಅದು ಉಜ್ಜು ಕಾಗದ ಆಗುತ್ತೆ. ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ನಟ್ಟು ಕೂರೋ ಉದ್ದಕ್ಕೆ ತೆಳ್ಳಗೆ ಸವರಿ. ತಳ ಮುಚ್ಚಿರೋ ತೂತಿನ ಒಳಗೆ ತುಂಬಬೇಡಿ, ಬೋಲ್ಟು ಇಳಿಯೋವಾಗ ಪೇಸ್ಟು ಹೋಗೋಕೆ ಜಾಗ ಇಲ್ಲದೆ ಎರಕದ ಭಾಗವೇ ಸೀಳಬಹುದು. ಹೊರಗೆ ಬಂದಿದ್ದನ್ನ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ರೆ ಧೂಳು ಅಂಟುತ್ತೆ.

ಈಗಾಗಲೇ ಕಚ್ಕೊಂಡಿರೋ ನಟ್ಟಿಗೆ ಅವಸರ ಬೇಡ. ಸಂಜೆ ಸಡಿಲ ಮಾಡೋ ಎಣ್ಣೆ ಹೊಡೆದು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ನಟ್ಟಿನ ಪಕ್ಕಕ್ಕೆ ಸುತ್ತಿಗೆಯಲ್ಲಿ ಸಣ್ಣಗೆ ತಟ್ಟಿ. ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಹಾಕಿ ಮೊದಲು ಬಿಗಿಯೋ ಕಡೆಗೆ ಒಂದಿಷ್ಟು, ಆಮೇಲೆ ಬಿಚ್ಚೋ ಕಡೆಗೆ. ಹೀಗೆ ಹಿಂದೆ ಮುಂದೆ ಮಾಡಿದ್ರೆ ತುಕ್ಕು ಒಡೆಯುತ್ತೆ. ಆಗ್ಲಿಲ್ಲ ಅಂದ್ರೆ ನಟ್ಟಿಗೆ ಮಾತ್ರ ಶಾಖ ಕೊಡಿ. ಆದ್ರೆ ಒಂದು ಮಾತು ಕೈಮುಗಿದು ಹೇಳ್ತೀನಿ. ಟೈರಿನಲ್ಲಿ ಗಾಳಿ ಇರೋವಾಗ ಚಕ್ರದ ನಟ್ಟಿಗೋ ರಿಮ್ಮಿಗೋ ಗ್ಯಾಸ್ ಬೆಂಕಿ ಹಿಡಿಸಬೇಡಿ. ಒಳಗಿನ ರಬ್ಬರು ಬಿಸಿಗೆ ಅನಿಲ ಬಿಟ್ಟು ಟೈರು ಬಾಂಬಿನ ಥರ ಸಿಡಿಯುತ್ತೆ. ಪಕ್ಕದಲ್ಲಿ ಇದ್ದವರು ಉಳಿಯಲ್ಲ.

ಈಗ ಮೊದಲು ಹೇಳಿದ ಗಾರ್ಡಿನ ಮಾತಿಗೆ ಬರ್ತೀನಿ. ನಮ್ಮ ಸುತ್ತಲಿನ ಹತ್ತು ಟ್ರ್ಯಾಕ್ಟರ್ ನೋಡಿ, ಪಿಟಿಓ ಮೇಲಿನ ತಗಡಿನ ಗಾರ್ಡು ಎಷ್ಟಕ್ಕಿದೆ? ಹೊಸದು ಬಂದಾಗ ಎಲ್ಲಕ್ಕೂ ಇರುತ್ತೆ. ಬೇಡ ಅಂತ ಯಾರೂ ಬೇಕಂತಲೇ ಕಿತ್ತು ಎಸೀಲಿಲ್ಲ. ಶಾಫ್ಟ್ ಜೋಡಿಸೋಕೆ, ಗ್ರೀಸು ಹೊಡೆಯೋಕೆ ಅಂತ ಬಿಚ್ಚೋಕೆ ಹೋದ್ವಿ. ಆ ಸಣ್ಣ ಬೋಲ್ಟು ಕಚ್ಕೊಂಡಿತ್ತು. ಕಟರ್ ಹಾಕಿಸಿದ್ವಿ. ‘ಆಮೇಲೆ ಹಾಕೋಣ’ ಅಂತ ಶೆಡ್ಡಿನ ಮೂಲೆಗಿಟ್ವಿ. ಆ ಆಮೇಲೆ ಬರ್ಲೇ ಇಲ್ಲ.

ಪಿಟಿಓ ಒಂದು ನಿಮಿಷಕ್ಕೆ 540 ಸುತ್ತು. ಅಂದ್ರೆ ಒಂದು ಸೆಕೆಂಡಿಗೆ ಒಂಬತ್ತು. ‘ಅಯ್ಯೋ’ ಅನ್ನೋ ಅಷ್ಟರಲ್ಲಿ ಪಂಚೆಯೋ ಸೆರಗೋ ಒಂಬತ್ತು ಸುತ್ತು ಸುತ್ಕೊಂಡಿರುತ್ತೆ. ನಮ್ಮ ಪಕ್ಕದೂರಿನ ಒಬ್ಬ ಹುಡುಗನ ಹೆಗಲ ಮೇಲಿನ ವಲ್ಲಿ ಹೀಗೇ ಸಿಕ್ಕಾಕೊಳ್ತು. ಹಳೇ ವಲ್ಲಿ, ನೂಲು ಸವೆದಿತ್ತು, ಹರಿದು ಹೋಯ್ತು, ಕುತ್ತಿಗೆ ಮೇಲೆ ಬರೆ ಬಿತ್ತು ಅಷ್ಟೇ. ಹೊಸ ವಲ್ಲಿ ಆಗಿದ್ರೆ ಏನಾಗ್ತಿತ್ತು ಅಂತ ಅವನ ತಾಯಿ ಇವತ್ತಿಗೂ ಹೇಳ್ಕೊಂಡು ಅಳ್ತಾರೆ. ಆ ಟ್ರ್ಯಾಕ್ಟರಿನ ಗಾರ್ಡು ಅದೇ ಮನೆಯ ಶೆಡ್ಡಿನಲ್ಲಿತ್ತು. ಹಿಂದಿನ ವರ್ಷ ಬೋಲ್ಟು ಬಿಚ್ಚೋಕೆ ಬರ್ಲಿಲ್ಲ ಅಂತ ಕತ್ತರಿಸಿ ತೆಗೆದಿದ್ದು.

ಅದಕ್ಕೇ ನಾನು ಹೇಳೋದು, ಬೋಲ್ಟು ಸುಲಭಕ್ಕೆ ಬಿಚ್ಚೋ ಹಾಗಿದ್ರೆ ಗಾರ್ಡು ವಾಪಸ್ ಜಾಗಕ್ಕೆ ಹೋಗುತ್ತೆ. ಬಿಚ್ಚೋಕೆ ಅರ್ಧ ದಿನ ಬೇಕು ಅಂದ್ರೆ ಯಾರೂ ಹಾಕಲ್ಲ. ಬೈದು, ಬುದ್ಧಿ ಹೇಳಿ ಆಗೋ ಕೆಲಸ ಅಲ್ಲ ಇದು. ಜೋಳದ ಒಕ್ಕಣೆ ಯಂತ್ರದ ಬೆಲ್ಟ್ ಕವರು, ಮೇವು ಕತ್ತರಿಸೋ ಯಂತ್ರದ ಚಕ್ರದ ಕವರು, ಗಾಣದ ಗೇರಿನ ಕವರು, ಎಲ್ಲಕ್ಕೂ ಇದೇ ಮಾತು.

‘ನಮ್ಮಪ್ಪನ ಕಾಲದಲ್ಲಿ ಇದ್ಯಾವುದೂ ಇರ್ಲಿಲ್ಲ’ ಅಂತ ಕೆಲವು ಹಿರಿಯರು ಹೇಳ್ತಾರೆ. ನಿಜ. ಅವರ ಮರದ ನೇಗಿಲಿನಲ್ಲಿ ಕಬ್ಬಿಣ ಅಂದ್ರೆ ಒಂದು ಗುಳ. ಅದು ಸೆಕೆಂಡಿಗೆ ಒಂಬತ್ತು ಸುತ್ತು ತಿರುಗ್ತಾ ಇರ್ಲಿಲ್ಲ. ಯಂತ್ರ ತಂದ ಮೇಲೆ ಯಂತ್ರದ ಆರೈಕೆಯೂ ತರಬೇಕು. ಎತ್ತಿಗೆ ಲಾಳ ಕಟ್ಟಿಸಿದವರ ಮಕ್ಕಳು ನಾವು, ಬೋಲ್ಟಿಗೆ ಒಂದು ಚೂರು ಪೇಸ್ಟು ಹಚ್ಚೋದು ದೊಡ್ಡ ಮಾತಲ್ಲ.

ಈ ವಾರ ಒಂದು ಕೆಲಸ ಮಾಡಿ. ಶೆಡ್ಡಿನ ಮೂಲೆಯಲ್ಲಿ ಬಿದ್ದಿರೋ ಗಾರ್ಡು ಹುಡುಕಿ ತೆಗೀರಿ. ವೆಲ್ಡಿಂಗ್ ಶಾಪಿಗೆ ಹೇಗೂ ಹೋಗ್ತೀರಿ, ಬಗ್ಗಿದ್ರೆ ನೆಟ್ಟಗೆ ಮಾಡಿಸಿ. ಹೊಸ ನಟ್ಟು ಬೋಲ್ಟು ತಂದು, ಕಡಲೆಕಾಳಿನಷ್ಟು ತಾಮ್ರದ ಪೇಸ್ಟು ಹಚ್ಚಿ, ಜಾಗಕ್ಕೆ ಕೂರಿಸಿ. ಪೇಸ್ಟು ಇಲ್ಲದಿದ್ರೆ ಸದ್ಯಕ್ಕೆ ಗ್ರೀಸೇ ಹಚ್ಚಿ, ಪರವಾಗಿಲ್ಲ. ಆಮೇಲೆ ಕೆಸರು ಗದ್ದೆಗೆ ಇಳೀರಿ.